ಬಾವಿ ನಡುಗಡಲಲ್ಲಿ, ಡಾಂಬರು ನಮ್ಮ ಕಾಲಲ್ಲಿ

ಪ್ರಶ್ನೆ: ಮಳೆಗಾಲದ ಶುರುವಿನಲ್ಲಿ ಕಲಂಗುಟ್ ಬೀಚಿಗೆ ಹೋಗಿದ್ದೆವು. ಮಗಳ ಅಂಗಾಲಿಗೆ ಕಪ್ಪಗೆ, ಜಿಗುಟಾಗಿ ಏನೋ ಮೆತ್ತಿಕೊಂಡಿತು, ಎಷ್ಟು ಸೋಪು ತಿಕ್ಕಿದರೂ ಹೋಗಲಿಲ್ಲ. ಎಳನೀರಿನವನು "ಇದು ಬಾಂಬೆ ಹೈ ಎಣ್ಣೆ" ಅಂದ. ಮುಂಬೈ ಆಚೆ ನಡುಗಡಲಿನ ಆ ಎಣ್ಣೆ ನಿಕ್ಷೇಪದಿಂದ, ಅಷ್ಟು ದೂರದಿಂದ ಬರುತ್ತದಾ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಮೊದಲು ಕಾಲಿನ ವಿಷಯ. ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಳೇ ಬಟ್ಟೆಯಲ್ಲಿ ಒರೆಸಿ, ಸೋಪು ಆಮೇಲೆ. ಮಕ್ಕಳ ಚರ್ಮಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಮಾತ್ರ ಬೇಡ.

ಅದು ಡಾಂಬರು ಉಂಡೆ. ಕಚ್ಚಾ ಎಣ್ಣೆ ನೀರಿಗೆ ಬಿದ್ದರೆ ಹಗುರವಾದದ್ದೆಲ್ಲ ಆವಿಯಾಗಿ ಹೋಗುತ್ತದೆ, ಉಳಿದ ಅಂಟು ಅಲೆಗೆ ಸಿಕ್ಕಿ ಉರುಳಿ ಉರುಳಿ ಉಂಡೆಯಾಗಿ ದಿನಗಟ್ಟಲೆ ತೇಲುತ್ತದೆ. ಮುಂಗಾರು ಗಾಳಿ ಎದ್ದ ಮೇಲೆ ದಡಕ್ಕೆ ಬಂದು ಬೀಳುತ್ತದೆ. ಅದಕ್ಕೇ ಬೇಸಿಗೆ ಮುಗಿಯುವ ಹೊತ್ತಿಗೆ ಗೋವಾದಲ್ಲಿ ಇದರ ಕಾಟ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಈ ಉಂಡೆಗಳನ್ನು ಪರೀಕ್ಷೆ ಮಾಡಿದ್ದಾರೆ. ಕೆಲವು ಬಾಂಬೆ ಹೈ ಎಣ್ಣೆಗೆ ಹೋಲುತ್ತಿದ್ದವು, ಕೆಲವು ಟ್ಯಾಂಕರ್ ಹಡಗು ತೊಳೆದು ಚೆಲ್ಲಿದ್ದು. ಹಾಗಾಗಿ ಎಳನೀರಿನವನ ಮಾತು ಅರ್ಧ ನಿಜ. ನಿಮ್ಮ ಮಗಳ ಕಾಲಿಗೆ ಅಂಟಿದ್ದು ಯಾವುದು ಅಂತ ಲ್ಯಾಬ್‌ನವರೇ ಹೇಳಬೇಕು.

ಪ್ರಶ್ನೆ: ಅಣ್ಣಾ, ನಾವು ಉಡುಪಿ ಕಡೆಯವರು, ಮುಂಬೈನ ಸಸೂನ್ ಡಾಕ್‌ನಲ್ಲಿ ಮೀನಿನ ವ್ಯಾಪಾರ. 2010ರಲ್ಲಿ ಇಲ್ಲೇ ಮುಂಬೈ ಹತ್ತಿರ ಹಡಗುಗಳು ಡಿಕ್ಕಿಯಾಗಿ ಎಣ್ಣೆ ಚೆಲ್ಲಿದಾಗ ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ಇನ್ನು ಎಣ್ಣೆ ಬಾವಿಯೇ ಒಡೆದರೆ ನಮ್ಮ ಗತಿ ಏನು? ನಷ್ಟ ಯಾರು ಕಟ್ಟಿಕೊಡುತ್ತಾರೆ?
– ಓದುಗರೊಬ್ಬರು, ಕೊಲಾಬಾ

ಉತ್ತರ: ನಿಮ್ಮ ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ಆದರೂ ಮೊದಲನೆಯದನ್ನು ಮುಗಿಸಿಬಿಡೋಣ.

2010ರ ಆಗಸ್ಟ್ 7ರಂದು ಎಂಎಸ್‌ಸಿ ಚಿತ್ರಾ, ಖಲೀಜಿಯಾ-3 ಹಡಗುಗಳು ಡಿಕ್ಕಿಯಾದಾಗ ಸುಮಾರು 800 ಟನ್ ಎಣ್ಣೆ ಚೆಲ್ಲಿತು. ಹಡಗಿನಲ್ಲಿ ಟ್ಯಾಂಕು ಖಾಲಿಯಾದರೆ ಮುಗಿಯಿತು. ಬಾವಿ ಹಾಗಲ್ಲ, ಬಾಯಿ ಮುಚ್ಚುವ ತನಕ ಕಕ್ಕುತ್ತಲೇ ಇರುತ್ತದೆ. ಅದೇ 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಬಾವಿ ಕೊರೆಯುವ ರಿಗ್ ಸ್ಫೋಟವಾಗಿ 11 ಜನ ಸತ್ತರು. ಬಾವಿ ಉಕ್ಕಿದರೆ ಕೊಳವೆಯನ್ನೇ ಕತ್ತರಿಸಿ ಮುಚ್ಚಬೇಕಾದ ದೊಡ್ಡ ಕವಾಟ, ಬೇಕಾದ ಹೊತ್ತಿಗೆ ಕೈಕೊಟ್ಟಿತು. ಎಣ್ಣೆ ನಿಂತದ್ದು 87 ದಿನದ ಮೇಲೆ. ಅಮೆರಿಕ ಸರ್ಕಾರದ ಅಂದಾಜು 49 ಲಕ್ಷ ಬ್ಯಾರೆಲ್, ಅಂದರೆ ಹತ್ತಿರ ಹತ್ತಿರ 78 ಕೋಟಿ ಲೀಟರ್.

ಹೆದರಿಸೋಕೆ ಹೇಳುತ್ತಿಲ್ಲ. ಅಲ್ಲಿ ನೀರು ಒಂದೂವರೆ ಕಿಲೋಮೀಟರ್ ಆಳ, ನಮ್ಮ ಬಾಂಬೆ ಹೈನಲ್ಲಿ 75 ಮೀಟರ್ ಆಸುಪಾಸು. ಮುಳುಗುಗಾರರು ಇಳಿಯಬಹುದು. ನನಗೆ ಬಾವಿಗಿಂತ ಕೊಳವೆಗಳದ್ದೇ ಜಾಸ್ತಿ ಚಿಂತೆ. ಇಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ, ತೆಗೆಯಲು ಶುರು ಮಾಡಿದ್ದು 1976ರಲ್ಲಿ. ಉಪ್ಪುನೀರಲ್ಲಿ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಅಂತ ದೋಣಿ ಇಟ್ಟವರಿಗೆ ನಾನು ಹೇಳಬೇಕಾ? 1993ರ ಮೇ ತಿಂಗಳಲ್ಲಿ ಬಾಂಬೆ ಹೈನಿಂದ ದಡದ ಉರಣ್ ಕಡೆ ಎಣ್ಣೆ ತರುವ ಕೊಳವೆಯೇ ಒಡೆದಿತ್ತು.

ಈಗ ದುಡ್ಡಿನ ವಿಷಯ. ಟ್ಯಾಂಕರ್ ಹಡಗಿನ ಎಣ್ಣೆ ಚೆಲ್ಲಿದರೆ ಪರಿಹಾರಕ್ಕೆ ಅಂತರರಾಷ್ಟ್ರೀಯ ನಿಧಿ ಇದೆ, ಭಾರತ ಅದರ ಸದಸ್ಯ. ಬಾವಿಯಿಂದ ಚೆಲ್ಲಿದರೆ ಜಗತ್ತಿಗೆಲ್ಲ ಅನ್ವಯಿಸುವ ಅಂಥ ನಿಧಿ ಇಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಮೊಂಟಾರಾ ಬಾವಿಯಿಂದ ಹತ್ತು ವಾರ ಎಣ್ಣೆ ಸೋರಿತು. ಸಮುದ್ರದಾಚೆ ಇಂಡೊನೇಷ್ಯಾದಲ್ಲಿ ಕಡಲಪಾಚಿ ಬೆಳೆಯುವವರ ಬದುಕು ಹಾಳಾಯಿತು. ಅವರು ಆಸ್ಟ್ರೇಲಿಯಾ ಕೋರ್ಟಿಗೆ ಹೋದರು, 2021ರಲ್ಲಿ ಗೆದ್ದರು, 19.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿ ಆದದ್ದು 2022ರಲ್ಲಿ. 13 ವರ್ಷ! ಅಷ್ಟರಲ್ಲಿ ದೋಣಿ ಮಾರಿ ಊರು ಸೇರಿರುತ್ತೇವೆ, ಅಲ್ವಾ?

ಇನ್ನೊಂದು ಮಾತು, ಇದು ನನಗೆ ಯಾವಾಗಲೂ ಕಿರಿಕಿರಿ. ನೆಲದ ಮೇಲೆ ಎಣ್ಣೆ ತೆಗೆದರೆ ರಾಯಧನ ಆ ರಾಜ್ಯಕ್ಕೆ. ನಡುಗಡಲಲ್ಲಿ ತೆಗೆದರೆ ಕೇಂದ್ರಕ್ಕೆ. ಡಾಂಬರು ಮಾತ್ರ ದಡದವರಿಗೆ. ಪ್ಲಾಟ್‌ಫಾರ್ಮ್ ಕಾಲುಗಳ ಸುತ್ತ ಮೀನು ಗುಂಪು ಕಟ್ಟುತ್ತದೆ, ಆದರೆ 500 ಮೀಟರ್ ಒಳಗೆ ದೋಣಿ ಹೋಗುವಂತಿಲ್ಲ. ಅದು ಸರಿಯೇ ಅನ್ನಿ, ಪ್ರಾಣದ ಪ್ರಶ್ನೆ.

ಹಾಗಾಗಿ ಒಂದು ಕೆಲಸ ಮಾಡಿ. ಹರಾಜಿನ ಚೀಟಿ, ಡೀಸೆಲ್, ಐಸ್ ಬಿಲ್ಲು ಯಾವುದನ್ನೂ ಎಸೆಯಬೇಡಿ. ಮಾಮೂಲಿ ದಿನ ಎಷ್ಟು ದುಡಿಯುತ್ತಿದ್ದಿರಿ ಅಂತ ತೋರಿಸದಿದ್ದರೆ ಎಷ್ಟು ಕಳೆದುಕೊಂಡಿರಿ ಅಂತ ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಸಮುದ್ರದಲ್ಲೇ ಇನ್ನಷ್ಟು ಎಣ್ಣೆ ಸಿಕ್ಕರೆ ಪೆಟ್ರೋಲ್ ಅಗ್ಗ ಆಗುತ್ತದಾ?
– ಓದುಗರೊಬ್ಬರು, ಪುಣೆ

ಉತ್ತರ: ಇಲ್ಲ. ನಮಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದು, ಇಲ್ಲಿ ತೆಗೆದದ್ದಕ್ಕೂ ಹೊರಗಿನ ರೇಟೇ ಲೆಕ್ಕ. ಡಾಲರ್ ಉಳಿಯುತ್ತದೆ ಅಷ್ಟೆ. ಅದೂ ಸಿಕ್ಕರೆ. ಕೃಷ್ಣಾ-ಗೋದಾವರಿ ಕಡಲಿನ ಡಿ-6 ಎಂಬ ಗ್ಯಾಸ್ ಬ್ಲಾಕಿನಲ್ಲಿ 2009ರಲ್ಲಿ ಗ್ಯಾಸ್ ಬರಲು ಶುರುವಾದಾಗ ದೇಶವೇ ಕುಣಿದಿತ್ತು, ಒಂದೆರಡು ವರ್ಷದಲ್ಲೇ ಇಳಿಯಲು ಹತ್ತಿತು. ಕೋಟಿಗಟ್ಟಲೆ ಸುರಿದ ಮೇಲೆ ನೆಲದಡಿಯ ಲೆಕ್ಕ ತಪ್ಪುವುದು ಈ ದಂಧೆಯಲ್ಲಿ ಹೊಸದಲ್ಲ. ಹಾಗಂತ ನಾಳೆಯೇ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಅಷ್ಟೂ ಎಣ್ಣೆ ಟ್ಯಾಂಕರಿನಲ್ಲಿ ಬರಬೇಕಾಗುತ್ತದೆ, ಅದೂ ಇದೇ ಸಮುದ್ರದ ಮೇಲೆ.

ಪ್ರಶ್ನೆ: ಮಗನಿಗೆ ರಿಗ್ ಮೇಲೆ ಕೆಲಸ ಸಿಕ್ಕಿದೆ. 14 ದಿನ ಅಲ್ಲಿ, 14 ದಿನ ಮನೆ. ಸಂಬಳ ಚೆನ್ನಾಗಿದೆ, ನನಗೆ ನಿದ್ದೆ ಇಲ್ಲ. ಕಳಿಸಲಾ?
– ತಾಯಿಯೊಬ್ಬರು, ಡೊಂಬಿವಲಿ

ಉತ್ತರ: ಅಮ್ಮಾ, ಸುಮ್ನೆ ಧೈರ್ಯ ಹೇಳಿ ಕಳಿಸಲ್ಲ. 2005ರ ಜುಲೈ 27ರಂದು ಬಾಂಬೆ ಹೈನಲ್ಲಿ ಅಡುಗೆಯವನೊಬ್ಬನ ಬೆರಳಿಗೆ ಗಾಯವಾಗಿ, ಅವನನ್ನು ಹಡಗಿನಿಂದ ಪ್ಲಾಟ್‌ಫಾರ್ಮಿಗೆ ದಾಟಿಸಲು ಹೋಗಿ ಹಡಗು ಗ್ಯಾಸ್ ಕೊಳವೆಗೆ ಬಡಿದು ಬೆಂಕಿ ಹತ್ತಿತು. 22 ಜನ ಹೋದರು. 2021ರ ತೌಕ್ತೆ ಚಂಡಮಾರುತದಲ್ಲಿ ಮುಳುಗಿದ, ಕೆಲಸಗಾರರು ತಂಗುತ್ತಿದ್ದ ಪಿ-305 ಬಾರ್ಜಿನಲ್ಲಿ 70ಕ್ಕೂ ಹೆಚ್ಚು. ಆದರೆ 2005ರಲ್ಲಿ ಆ ಬೆಂಕಿಯಿಂದ 362 ಜನರನ್ನು ಉಳಿಸಿದ್ದೂ ನಿಜ.

ಮಗನನ್ನು ಎರಡು ಕೇಳಿ. ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ ಕೊಟ್ಟಿದ್ದಾರಾ? ಚಂಡಮಾರುತದ ಎಚ್ಚರಿಕೆ ಬಂದರೆ ಇವನನ್ನು ದಡಕ್ಕೆ ಕರೆತರುವ ಜವಾಬ್ದಾರಿ ಯಾರದು, ಕಂಪನಿಯದಾ, ಗುತ್ತಿಗೆದಾರನದಾ? ಉತ್ತರ ಸರಿಯಾಗಿದ್ದರೆ ಕಳಿಸಿ. ಹೆಲಿಕಾಪ್ಟರಿನಲ್ಲಿ ಸಾಮಾನಿಗೆ ತೂಕದ ಮಿತಿ ಇರುತ್ತದೆ, ಉಪ್ಪಿನಕಾಯಿ ಭರಣಿ ಬೇಡ, ಚಿಕ್ಕ ಡಬ್ಬಿ ಸಾಕು.