ಕೊಲೊನೋಸ್ಕೋಪಿಗೆ ಜೊತೆ ಯಾರು ಬರಬೇಕು ಎಂದು ಕೇಳಿದ ಗದಗಿನ ತಮ್ಮನಿಗೆ

ತಮ್ಮಾ,

ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ಗದಗಿನಿಂದ ಕೊವೆಂಟ್ರಿಗೆ ಎಂಎಸ್ಸಿ ಓದಲು ಬಂದಿದ್ದೀ. ಬರುವ ಮೊದಲೇ ಹುಬ್ಬಳ್ಳಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು, ಉರಿಯೂತ ಅಂತ ಹೇಳಿದ್ದರು. ಈಗ ಮತ್ತೆ ಮಲದಲ್ಲಿ ರಕ್ತ ಕಾಣಿಸಿಕೊಂಡಿದೆ, ಇಲ್ಲಿನ ಜಿಪಿ (ಮೊದಲು ತೋರಿಸುವ ಬಡಾವಣೆಯ ಡಾಕ್ಟರು) ಮಲ ಪರೀಕ್ಷೆ ಮಾಡಿಸಿ ದೊಡ್ಡ ದವಾಖಾನೆಗೆ ಬರೆದಿದ್ದಾರೆ, ಅಲ್ಲಿಂದ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ನಳಿಕೆ ಬಿಟ್ಟು ನೋಡುವ ಟೆಸ್ಟ್) ಪತ್ರ ಬಂದಿದೆ. ರೊಕ್ಕ ಎಷ್ಟಾಗುತ್ತದೆ, ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿ ಮಾಡಿಸಿಕೊಂಡರೆ ನಡೆಯುತ್ತದಾ, ಜೊತೆಗೊಬ್ಬರು ಬರಲೇಬೇಕು ಅಂತ ಬರೆದಿದ್ದಾರೆ, ನನಗಿಲ್ಲಿ ಯಾರೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀ. ಕೊನೆಗೆ ಒಂದು ಸಾಲು ಸೇರಿಸಿದ್ದೀ: "ಅವ್ವ ಯಾರಿಗೂ ಹೇಳಬ್ಯಾಡ ಅಂದಾಳ."

ನಾನು ಧಾರವಾಡದವಳು. ನನಗಿರುವುದು ಕ್ರೋನ್ಸ್, ಅದೂ ಕರುಳಿನ ಉರಿಯೂತದ ಕಾಯಿಲೆಯೇ, ಆದರೆ ಸಣ್ಣ ಕರುಳಿಗೂ ಬರುತ್ತದೆ. ಬರ್ಮಿಂಗ್‌ಹ್ಯಾಮಿಗೆ ಬಂದು ಬಹಳ ವರ್ಷ ಆಯಿತು, ಈ ದೇಶದಲ್ಲಿ ಕರುಳಿಗೆ ಮಾಡುವ ಟೆಸ್ಟುಗಳಲ್ಲಿ ಹೆಚ್ಚೂಕಡಿಮೆ ಎಲ್ಲವನ್ನೂ ಮಾಡಿಸಿಕೊಂಡಿದ್ದೇನೆ. ನಿನ್ನ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಗಂಟು ಅಲ್ಲೇ ಇದೆ.

ಅವ್ವನ ಭಯ ನನಗೆ ಗೊತ್ತು. ನಾಳೆ ಕನ್ಯಾ ನೋಡಲು ಹೋದಾಗ "ಹುಡುಗಗ ಏನೋ ಹೊಟ್ಟಿ ಜಡ್ಡು ಐತಂತ" ಅನ್ನುವ ಮಾತು ಬೆಟಗೇರಿಯಿಂದ ಹಾವೇರಿ ತನಕ ಓಡುತ್ತದೆ ಅಂತ ಅವಳ ಸಂಕಟ. ಊರಲ್ಲಿ ಮುಚ್ಚಿಟ್ಟರೂ ನಡೆಯುತ್ತದೆ, ಯಾಕೆಂದರೆ ಮನೆಯವರಿಗೆ ಗೊತ್ತೇ ಇರುತ್ತದೆ. ಅಪ್ಪ ರಿಪೋರ್ಟಿನ ಚೀಲ ಹಿಡಿದು ಬೆಂಚಿನ ಮೇಲೆ ಕೂಡುತ್ತಾನೆ, ಕಾಕಾ ಬಿಲ್ ಕಟ್ಟಿ ಬರುತ್ತಾನೆ, ಅವ್ವ ಗಂಜಿ ಕಾಸುತ್ತಾಳೆ. ನೀನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ. ಇಲ್ಲಿ ಆ ಮೂವರ ಕೆಲಸವೂ ನಿನ್ನದೇ, ನೀನಾಗಿ ಹೇಳದಿದ್ದರೆ ಒಂದೂ ಮುಂದೆ ಸಾಗುವುದಿಲ್ಲ. ಊರಿಗೆಲ್ಲ ಸಾರು ಅನ್ನುತ್ತಿಲ್ಲ. ಇಬ್ಬರಿಗೆ ಹೇಳು: ದವಾಖಾನೆಯ ಐಬಿಡಿ ನರ್ಸಿಗೆ (ಕರುಳಿನ ಉರಿಯೂತದ ರೋಗಿಗಳನ್ನು ನೋಡಿಕೊಳ್ಳುವ ನರ್ಸು), ಮತ್ತೆ ಒಂದು ರಾತ್ರಿ ನಿನ್ನ ಮನೆಯಲ್ಲಿ ಉಳಿಯಬಲ್ಲ ಒಬ್ಬರಿಗೆ.

ರೊಕ್ಕದ ಮಾತು ಬೇಗ ಮುಗಿಯುತ್ತದೆ. ವೀಸಾ ಮಾಡಿಸುವಾಗ ವರ್ಷಕ್ಕೆ 776 ಪೌಂಡ್‌ನಂತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀ. ಜಿಪಿ, ಮಲ ಪರೀಕ್ಷೆ, ಕೊಲೊನೋಸ್ಕೋಪಿ, ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು), ಸ್ಕ್ಯಾನ್ ಎಲ್ಲ ಅದರಲ್ಲೇ ಬಂತು. ಗುಳಿಗೆಗೆ ಮಾತ್ರ ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್ ಕೊಡಬೇಕು (2025ರ ದರ). ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಔಷಧಿ ಬೇಕಾದರೆ 114.50 ಪೌಂಡ್ ಕೊಟ್ಟು ವರ್ಷದ ಪ್ರಿಪೇಮೆಂಟ್ ಸರ್ಟಿಫಿಕೇಟ್ ಮಾಡಿಸಿಕೋ. ಆಮೇಲೆ ಎಷ್ಟು ಔಷಧಿ ಬರೆದರೂ ಮತ್ತೆ ಕೊಡಬೇಕಾಗಿಲ್ಲ.

ಮಲ ಪರೀಕ್ಷೆಯಲ್ಲಿ ಅವರು ನೋಡುವುದು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು. ಕರುಳಿನ ಗೋಡೆ ಉರಿಯುತ್ತಿದ್ದರೆ ಅಲ್ಲಿ ಸೇರುವ ಬಿಳಿ ರಕ್ತಕಣಗಳಿಂದ ಅದು ಮಲಕ್ಕೆ ಬರುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 250 ದಾಟಿದರೆ ಉರಿಯೂತ ಜೋರಾಗಿರುವ ಸಾಧ್ಯತೆ ಹೆಚ್ಚು, ನಡುವೆ ಇದ್ದರೆ ಮತ್ತೊಮ್ಮೆ ಮಾಡಿಸುತ್ತಾರೆ. ಊರಿಂದ ತಂದ ಕಾಂಬಿಫ್ಲಾಮ್ ಡಬ್ಬಿಯಲ್ಲಿದ್ದರೆ ಪಕ್ಕಕ್ಕಿಡು. ಅದರಲ್ಲಿರುವ ಐಬುಪ್ರೊಫೇನ್ ಈ ಅಂಕಿಯನ್ನೂ ಏರಿಸಬಹುದು, ನಮ್ಮ ಕಾಯಿಲೆಯನ್ನೂ ಕೆರಳಿಸಬಹುದು. ಜ್ವರ, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು.

ಇನ್ನೊಂದು ಕೆಲಸ ಇವತ್ತೇ ಆಗಬೇಕು. ಅಪ್ಪನಿಗೆ ಫೋನ್ ಮಾಡಿ ಹುಬ್ಬಳ್ಳಿಯ ಫೈಲು ತೆಗೆಸು. ನಮ್ಮ ಕಡೆ ದಾಖಲೆ ರೋಗಿಯ ಮನೆಯ ಕಪಾಟಿನಲ್ಲಿರುತ್ತದೆ, ಇಲ್ಲಿ ದವಾಖಾನೆಯ ಕಂಪ್ಯೂಟರಿನಲ್ಲಿ. ನಿನ್ನ ಹಳೆಯ ಕಥೆ ಇಲ್ಲಿಯ ಕಂಪ್ಯೂಟರಿಗೆ ಗೊತ್ತಿಲ್ಲ. ಮೊದಲ ಕೊಲೊನೋಸ್ಕೋಪಿಯ ವರದಿ, ಬಯಾಪ್ಸಿ ವರದಿ, ಯಾವ ಗುಳಿಗೆ ಎಷ್ಟು ದಿನ ನುಂಗಿದೆ ಅನ್ನುವುದು, ಇಷ್ಟನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿಸಿ ತರಿಸಿಕೋ. ಗುಳಿಗೆಯ ಹೆಸರು ಬರೆಯುವಾಗ ಕಂಪನಿಯ ಹೆಸರಿನ ಬದಲು ಒಳಗಿನ ಔಷಧಿಯ ಹೆಸರು ಬರೆ, ಇಲ್ಲಿಯ ಡಾಕ್ಟರಿಗೆ ನಮ್ಮ ಬ್ರ್ಯಾಂಡುಗಳ ಪರಿಚಯ ಇರುವುದಿಲ್ಲ.

ಇದರ ಜೊತೆಗೆ ಕ್ಷಯದ ವಿಷಯವನ್ನು ನೀನೇ ಬಾಯಿಬಿಟ್ಟು ಹೇಳು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲೇ ಹುಣ್ಣು ಮಾಡುತ್ತವೆ, ಕೊಲೊನೋಸ್ಕೋಪಿಯಲ್ಲಿ ನೋಡಿದರೂ ಬೇರ್ಪಡಿಸುವುದು ಕಷ್ಟ. ನನಗೂ ಹುಬ್ಬಳ್ಳಿಯಲ್ಲಿ ಮೊದಲು ಕ್ಷಯದ ಔಷಧಿ ಕೊಟ್ಟು ನೋಡಿದ್ದರು. ನಮ್ಮ ಕಡೆ ಕ್ಷಯ ಇರುವಷ್ಟು ಇರುವಾಗ ಅದು ಸರಿಯಾದ ಯೋಚನೆಯೇ. ನಿನ್ನದು ಕೊಲೈಟಿಸ್ ಆದ್ದರಿಂದ ಆ ಗೊಂದಲ ಕಡಿಮೆ, ಆದರೆ ಮುಂದೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಕೊಡಬೇಕೆಂದರೆ ಅದಕ್ಕೂ ಮೊದಲು ಮೈಯೊಳಗೆ ಮಲಗಿರುವ ಕ್ಷಯ ಇದೆಯೇ ಅಂತ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡುತ್ತಾರೆ. ಆ ಔಷಧಿ ಮಲಗಿದ ಕ್ಷಯವನ್ನು ಎಬ್ಬಿಸಬಲ್ಲದು. ವೀಸಾಕ್ಕೆ ಎಕ್ಸ್‌ರೇ ತೆಗೆಸಿದ್ದೇನಲ್ಲ ಅನ್ನಬೇಡ, ಅದು ಎದೆಯಲ್ಲಿ ಎದ್ದಿರುವ ಕ್ಷಯವನ್ನು ಹುಡುಕುವುದು. ಮನೆಯಲ್ಲಿ ಅಜ್ಜನಿಗೋ ಸೋದರಮಾವನಿಗೋ ಕ್ಷಯ ಆಗಿದ್ದರೆ ಅದನ್ನೂ ಹೇಳು.

ಇನ್ನು ಕೊಲೊನೋಸ್ಕೋಪಿ. ಟೆಸ್ಟಿಗಿಂತ ಅದರ ತಯಾರಿಯೇ ದೊಡ್ಡದು, ಮತ್ತು ಅವರು ಕಳಿಸುವ ಆಹಾರದ ಪಟ್ಟಿ ನಮ್ಮ ತಾಟಿಗೆ ಹೊಂದುವುದಿಲ್ಲ. ಎರಡು ಮೂರು ದಿನ ಮೊದಲಿನಿಂದ ನಾರು ಕಡಿಮೆ ಇರುವ ಊಟ ಅಂತ ಇರುತ್ತದೆ. ಅಂದರೆ ಜೋಳದ ರೊಟ್ಟಿ ಬಂದ್, ಗೋಧಿ ಚಪಾತಿ ಬಂದ್, ಹೆಸರುಕಾಳು, ಮಡಕಿಕಾಳು, ಮೆಂತ್ಯೆ ಪಲ್ಯ, ಬದನೆಕಾಯಿ ಎಣ್ಣಗಾಯಿ ಎಲ್ಲ ಬಂದ್. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಡಬ್ಬಿಗಳನ್ನು ಕಣ್ಣಿಗೆ ಕಾಣದಂತೆ ಮೇಲಿಡು. ಗುರೆಳ್ಳು, ಟೊಮ್ಯಾಟೊ, ಬದನೆಕಾಯಿಯ ಬೀಜಗಳು ಔಷಧಿ ಕುಡಿದರೂ ಕರುಳಿನಲ್ಲಿ ಉಳಿದು ಕ್ಯಾಮೆರಾಕ್ಕೆ ಅಡ್ಡ ಬರುತ್ತವೆ. ತಿನ್ನಬಹುದಾದದ್ದು ಬಿಳಿ ಅನ್ನ, ಮೊಸರು, ಸಿಪ್ಪೆ ತೆಗೆದ ಬಟಾಟಿ, ಬಿಳಿ ಬ್ರೆಡ್ಡು. ಮೊಸರನ್ನಕ್ಕೆ ಉಪ್ಪು ಹಾಕಿಕೊಂಡು ಆ ದಿನಗಳನ್ನು ದಾಟಬಹುದು, ಒಗ್ಗರಣೆಯ ಸಾಸಿವೆ ಮಾತ್ರ ಬೇಡ. ಕಬ್ಬಿಣದ ಗುಳಿಗೆ ನುಂಗುತ್ತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ.

ಆಮೇಲೆ ಬರೀ ತಿಳಿಯಾದ ದ್ರವದ ಹೊತ್ತು. ಮಜ್ಜಿಗೆ, ಹಾಲು ಹಾಕಿದ ಚಹಾ ನಡೆಯುವುದಿಲ್ಲ. ಪಟ್ಟಿಯಲ್ಲಿ ಜೆಲ್ಲಿ, ಬೋವ್ರಿಲ್ ಅಂತ ಇರಬಹುದು. ನೀನು ಶಾಕಾಹಾರಿ ಅಂದಿದ್ದೀಯಲ್ಲ, ಆ ಜೆಲ್ಲಿ ಸಾಮಾನ್ಯವಾಗಿ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್‌ದು, ಬೋವ್ರಿಲ್ ದನದ ಮಾಂಸದ ಸಾರ. ಎರಡನ್ನೂ ಬಿಡು. ಬಟ್ಟೆಯಲ್ಲಿ ಸೋಸಿದ ತೆಳು ಸಾರಿನ ನೀರು, ಎಳನೀರು, ಸೋಸಿದ ಸೇಬಿನ ರಸ, ಉಪ್ಪು ಸಕ್ಕರೆ ಹಾಕಿ ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ ಸಾಕು. ಕೆಂಪು, ನೇರಳೆ ಬಣ್ಣದ ಶರಬತ್ತು ಬೇಡ, ಒಳಗೆ ರಕ್ತದಂತೆ ಕಾಣುತ್ತದೆ.

ಹೊಟ್ಟೆ ತೊಳೆಯುವ ಪುಡಿಯಲ್ಲಿ ಮೂವಿಪ್ರೆಪ್ ಕೊಟ್ಟರೆ ಒಟ್ಟು ಎರಡು ಲೀಟರ್, ಪ್ಲೆನ್ವೂ ಕೊಟ್ಟರೆ ಒಂದು ಲೀಟರ್, ಅದರ ಮೇಲೆ ಬೇರೆ ನೀರು. ಅರ್ಧ ಹಿಂದಿನ ಸಂಜೆ, ಅರ್ಧ ಆ ದಿನ ನಸುಕಿನಲ್ಲಿ ಕುಡಿಸುವುದೇ ಹೆಚ್ಚು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಿಧಾನವಾಗಿ ಕುಡಿ. ನಿನ್ನ ಮನೆಯಲ್ಲಿ ಐದು ಹುಡುಗರಿಗೆ ಒಂದೇ ಸಂಡಾಸ ಅಂತ ಬರೆದಿದ್ದೀ. ಆ ರಾತ್ರಿ ಅದು ನಿನ್ನದಾಗಲೇಬೇಕು, ಆದ್ದರಿಂದ ಅವರಿಗೆ ಮೊದಲೇ "ನಾಳೆ ನನಗೆ ದವಾಖಾನೆಯ ಟೆಸ್ಟ್ ಇದೆ, ಈ ರಾತ್ರಿ ಬಾತ್‌ರೂಮ್ ನನಗೆ ಬೇಕು" ಅಂತ ಹೇಳು. ರೋಗದ ಹೆಸರು ಹೇಳುವ ಅಗತ್ಯವೂ ಇಲ್ಲ. ಇಲ್ಲಿಯ ಸಂಡಾಸದಲ್ಲಿ ನೀರಿನ ನಳ ಇರುವುದಿಲ್ಲ. ಬರೀ ಕಾಗದದಲ್ಲಿ ಒರೆಸಿಕೊಂಡರೆ ನಡುರಾತ್ರಿಗೆ ಚರ್ಮ ಕಿತ್ತು ಉರಿ ಏಳುತ್ತದೆ. ಒಂದು ಪ್ಲಾಸ್ಟಿಕ್ ಜಗ್ಗು ತಂದು ಉಗುರುಬೆಚ್ಚಗಿನ ನೀರು ತುಂಬಿಟ್ಟುಕೋ, ಶುರುವಾಗುವ ಮೊದಲೇ ವ್ಯಾಸಲಿನ್ ಹಚ್ಚಿಕೋ. ಇದನ್ನು ಯಾವ ಪತ್ರದಲ್ಲೂ ಬರೆದಿರುವುದಿಲ್ಲ.

ಒಳಗೆ ಹೋದ ಮೇಲೆ ಭಯಪಡುವಂಥದ್ದು ಕಡಿಮೆ. ಹಿಂದೆ ಸೀಳಿರುವ ಕಡುನೀಲಿ ಕಾಗದದ ಚಡ್ಡಿ ಕೊಡುತ್ತಾರೆ, ಮೇಲೊಂದು ಗೌನು. ಎಡ ಮಗ್ಗುಲಾಗಿ, ಮೊಣಕಾಲು ಹೊಟ್ಟೆಯ ಕಡೆ ಮಡಚಿ ಮಲಗಿಸುತ್ತಾರೆ. ಒಬ್ಬ ನರ್ಸ್ ಪೂರ್ತಿ ನಿನ್ನ ತಲೆಯ ಹತ್ತಿರವೇ ನಿಂತು ಮಾತಾಡಿಸುತ್ತಿರುತ್ತಾರೆ, ನಳಿಕೆ ತಿರುವಿನಲ್ಲಿ ಸಿಕ್ಕರೆ ಇನ್ನೊಬ್ಬರು ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಆ ತಿರುವುಗಳಲ್ಲಿ ನೋವಾಗುತ್ತದೆ, ಗಾಳಿ ತುಂಬಿ ಹೊಟ್ಟೆ ಬಿಗಿಯುತ್ತದೆ. ನೋವಾದರೆ ಹೇಳು, ನಿಲ್ಲಿಸುತ್ತಾರೆ. ಬಯಾಪ್ಸಿಗೆ ಚೂರು ತೆಗೆಯುವುದು ತಿಳಿಯುವುದೂ ಇಲ್ಲ. ಎಲ್ಲ ಸೇರಿ ಸುಮಾರು ಮುಕ್ಕಾಲು ತಾಸು.

ಈಗ ಜೊತೆಗಾರರ ಪ್ರಶ್ನೆ. ಹುಬ್ಬಳ್ಳಿಯಲ್ಲಿ ನಿನ್ನನ್ನು ಪೂರ್ತಿ ಮಲಗಿಸಿ ಮಾಡಿರಬಹುದು. ಇಲ್ಲಿ ಸಾಮಾನ್ಯವಾಗಿ ಮಿಡಜೋಲಮ್, ಫೆಂಟನಿಲ್ ಇಂಜೆಕ್ಷನ್ ಕೊಟ್ಟು ಅರೆನಿದ್ರೆ ತರಿಸುತ್ತಾರೆ. ಅದನ್ನು ಕೊಟ್ಟ ಮೇಲೆ 24 ತಾಸು ಗಾಡಿ ಓಡಿಸುವಂತಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ, ದೊಡ್ಡವರೊಬ್ಬರು ಬಂದು ಕರೆದುಕೊಂಡು ಹೋಗಿ ಜೊತೆಗಿರಬೇಕು. ಬರುವವರ ಹೆಸರು, ಫೋನ್ ನಂಬರು ಮೊದಲೇ ಕೇಳುತ್ತಾರೆ. ಇಲ್ಲವೆಂದರೆ ಇಂಜೆಕ್ಷನ್ ಕೊಡುವುದಿಲ್ಲ, ಕೆಲವು ಸಲ ಆ ದಿನದ ಟೆಸ್ಟೇ ರದ್ದಾಗುತ್ತದೆ. ಟ್ಯಾಕ್ಸಿ ಡ್ರೈವರು ಲೆಕ್ಕಕ್ಕಿಲ್ಲ. ನಿಜವಾಗಿಯೂ ಯಾರೂ ಇಲ್ಲದಿದ್ದರೆ ಬಾಯಿಂದ ಎಳೆದುಕೊಳ್ಳುವ ನೋವು ತಗ್ಗಿಸುವ ಗ್ಯಾಸ್ ಮಾತ್ರ ಸಾಕು ಅಂತ ಕೇಳಬಹುದು. ಅದರ ಅಮಲು ಬೇಗ ಇಳಿಯುತ್ತದೆ, ಒಬ್ಬನೇ ಮನೆಗೆ ಹೋಗಲು ಬಿಡುತ್ತಾರೆ. ಆದರೆ ಕರುಳು ಉರಿಯುತ್ತಿರುವಾಗ ಇಂಜೆಕ್ಷನ್ ತೆಗೆದುಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ಯಾರೂ ಸಿಗಲಿಲ್ಲ ಅಂತ ನೋವು ತಿನ್ನುವುದು ಬೇಡ. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಎರಡನ್ನೂ ಕೇಳು.

ಡಿಸೆಂಬರಿಗೆ ಊರಲ್ಲಿ ಮಾಡಿಸುವುದು ಬೇಡ. ಹುಬ್ಬಳ್ಳಿಯ ಡಾಕ್ಟರುಗಳ ಕೈ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ, ನನ್ನ ರೋಗ ಹಿಡಿದವರು ಅವರೇ. ಆದರೆ ರಕ್ತ ಈಗ ಹೋಗುತ್ತಿದೆ, ಔಷಧಿ ಬದಲಿಸಬೇಕಾದವರು ಇಲ್ಲಿದ್ದಾರೆ, ಅವರ ಕಣ್ಣಿಗೆ ಬಿದ್ದದ್ದರ ಮೇಲೆ ನಿರ್ಧಾರ ಬೇಗ ಆಗುತ್ತದೆ. ಇಲ್ಲಿ ಟೆಸ್ಟುಗಳಿಗೆ 6 ವಾರದ ಗುರಿ ಇದೆ, ಬಹಳ ಕಡೆ ಅದು ಮೀರುತ್ತದೆ. ಯಾರಾದರೂ ಬರದೆ ಜಾಗ ಖಾಲಿಯಾದರೆ ನನ್ನನ್ನು ಕರೆಯಿರಿ ಅಂತ ಹೇಳಿಟ್ಟರೆ ಬೇಗ ಸಿಗುವುದುಂಟು. ಅಲ್ಲಿಯ ತನಕ ಊರಿನ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಗುಳಿಗೆ ತರಿಸಿ ನುಂಗುವ ಯೋಚನೆ ಮಾತ್ರ ಮಾಡಬೇಡ. ರಕ್ತ ನಿಂತಂತೆ ಕಾಣುತ್ತದೆ, ಒಳಗಿನ ಚಿತ್ರ ಮಸುಕಾಗುತ್ತದೆ, ಒಮ್ಮೆಲೇ ಬಿಟ್ಟರೆ ಮೈಯೇ ಕೈಕೊಡುತ್ತದೆ.

ದಿನಕ್ಕೆ 6 ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತ ಬೆರೆತ ಭೇದಿ, ಜೊತೆಗೆ ಜ್ವರವೋ, ಸುಮ್ಮನೆ ಕೂತಾಗಲೂ ನಾಡಿ 90 ದಾಟುವುದೋ ಆದರೆ ಟೆಸ್ಟಿನ ದಿನಕ್ಕೆ ಕಾಯಬೇಡ, ಅದೇ ದಿನ ತುರ್ತು ವಿಭಾಗಕ್ಕೆ ಹೋಗು. ಅನುಮಾನವಿದ್ದರೆ ಇಲ್ಲಿಯ ಆರೋಗ್ಯ ಸಲಹೆಯ ನಂಬರು 111ಕ್ಕೆ ಫೋನ್ ಮಾಡು. ಅಂಥ ಸ್ಥಿತಿಯಲ್ಲಿ ಹೊಟ್ಟೆ ತೊಳೆಯುವ ಪುಡಿ ಕುಡಿಯುವುದು ಅಪಾಯ. ಅವರು ಕೆಳಭಾಗವನ್ನಷ್ಟೇ ಸಣ್ಣ ನಳಿಕೆಯಿಂದ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ.

ಎಂಆರ್‌ಐ, ನುಂಗುವ ಕ್ಯಾಮೆರಾ ಗುಳಿಗೆ ಇವೆಲ್ಲ ಸಣ್ಣ ಕರುಳು ನೋಡಲು, ನನ್ನಂಥವರಿಗೆ. ನಿನಗೆ ಈಗ ಅದರ ಗೊಡವೆ ಇಲ್ಲ. ಕೊಲೊನೋಸ್ಕೋಪಿ ಮಾತ್ರ ಮುಂದೆಯೂ ಬರುತ್ತದೆ: ಲಕ್ಷಣ ಶುರುವಾಗಿ ಸುಮಾರು 8 ವರ್ಷವಾದ ಮೇಲೆ ಕ್ಯಾನ್ಸರಿನ ಸುಳಿವಿದೆಯೇ ಎಂದು ನೋಡಲು, ಅಪಾಯ ಎಷ್ಟಿದೆ ಅನ್ನುವುದರ ಮೇಲೆ 1, 3 ಅಥವಾ 5 ವರ್ಷಕ್ಕೊಮ್ಮೆ ಕರೆಯುತ್ತಾರೆ.

ಯುನಿವರ್ಸಿಟಿಯ ಡಿಸೆಬಿಲಿಟಿ ಆಫೀಸಿಗೂ ಒಂದು ಈಮೇಲ್ ಹಾಕು. 2010ರ ಇಕ್ವಾಲಿಟಿ ಕಾಯ್ದೆಯ ಅಡಿ ಪರೀಕ್ಷೆಯ ನಡುವೆ ಎದ್ದು ಹೋಗಲು, ಅಸೈನ್‌ಮೆಂಟಿಗೆ ಹೆಚ್ಚಿನ ಸಮಯ ಪಡೆಯಲು ಅವರು ದಾರಿ ಮಾಡಿಕೊಡಬಲ್ಲರು.

ಕೊವೆಂಟ್ರಿಗೂ ನನಗೂ ರೈಲಿನಲ್ಲಿ ಅರ್ಧ ತಾಸಿನ ಹಾದಿ. ದವಾಖಾನೆಯವರು ಜೊತೆಗಾರರ ಹೆಸರು ಕೇಳಿದಾಗ, ಮನೆಯ ಹುಡುಗರಲ್ಲಿ ಯಾರನ್ನೂ ಕೇಳಲು ಮನಸ್ಸಾಗದಿದ್ದರೆ ನನ್ನ ಹೆಸರು ಕೊಡು. ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿದರೆ ರಜೆ ಹಾಕುತ್ತೇನೆ. ಟೆಸ್ಟ್ ಆದ ಮೇಲೆ ಬಿಳಿ ಅನ್ನ, ತೊವ್ವೆ ಮಾಡಿ ತರುತ್ತೇನೆ, ಆ ರಾತ್ರಿ ನಮ್ಮ ಯಜಮಾನರು ನಿನ್ನ ಮನೆಯಲ್ಲಿ ಉಳಿಯುತ್ತಾರೆ. ಅವ್ವನ ನಂಬರು ಕಳಿಸು, ನಾನೇ ಮಾತಾಡುತ್ತೇನೆ.