ಆ ಎಂಟು ಜನ ಯಾರು?

ಪ್ರಿಯರೇ,

ನಿಮ್ಮ ‘ದಿನಕ್ಕೊಂದು ನಗೆ’ ಕಟ್ಟು ಕೈಸೇರಿ ಮೂರು ವಾರವಾಯಿತು. ವರ್ಷದ ಒಂದೊಂದು ತಾರೀಕಿಗೂ ಹಿಂದೆ ಆ ದಿನ ನಡೆದ ಒಂದು ಘಟನೆ, ಅದರ ಬೆನ್ನಿಗೊಂದು ಹಾಸ್ಯ, ಒಟ್ಟು 366 ಟಿಪ್ಪಣಿ. ಫೆಬ್ರವರಿ 29ನ್ನೂ ಬಿಟ್ಟಿಲ್ಲ. ಶ್ರಮ ಕಾಣಿಸುತ್ತದೆ. ಭಾಷೆ ತೊಡರುವುದಿಲ್ಲ. ಕಾಗುಣಿತದ ತಪ್ಪು ನಮ್ಮ ಕಚೇರಿಯವರಿಗಿಂತ ಕಡಿಮೆ. ಹೊಗಳಿಕೆ ಇಲ್ಲಿಗೆ ಮುಗಿಯಿತು, ಇನ್ನು ಜಗಳಕ್ಕೆ ಬರೋಣ.

ಇಂಥ ಕಟ್ಟುಗಳಿಗೆ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವವನು ನಾನು. ನಿಮ್ಮ ವಿಷಯದಲ್ಲಿ ಅದು ಆಗಲಿಲ್ಲ. ಏಪ್ರಿಲ್ 18 ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಕ್ಟೋಬರ್ 17 ಓದಿ ಕಟ್ಟನ್ನು ಮಗುಚಿಟ್ಟು ಎದ್ದುಹೋದೆ. ಎರಡನ್ನೂ ಬರೆದದ್ದು ಒಂದೇ ಕೈ ಎಂದು ನಂಬುವುದಕ್ಕೆ ಎರಡು ದಿನ ಹಿಡಿಯಿತು.

ಏಪ್ರಿಲ್ 18ಕ್ಕೆ ನೀವು ಬರೆದದ್ದು ಇಷ್ಟು: “1930ರ ಈ ದಿನ ರಾತ್ರಿಯ ವಾರ್ತೆಯ ಹೊತ್ತಿಗೆ ಬಿಬಿಸಿ ರೇಡಿಯೋದವರು ‘ಇಂದು ಸುದ್ದಿ ಇಲ್ಲ’ ಎಂದರು. ಉಳಿದ ಹೊತ್ತಿಗೆ ಪಿಯಾನೋ ಕೇಳಿಸಿದರು.” ಎರಡೇ ವಾಕ್ಯ. ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ. ಈಗಿನ ಟೀವಿಯ ಗದ್ದಲದ ಬಗ್ಗೆ ನೀವು ತುಟಿಪಿಟಕ್ಕೆನ್ನಲಿಲ್ಲ. ಓದಿದ ಮೇಲೆ ಅದು ನನ್ನ ಕಿವಿಯಲ್ಲಿ ತಾನಾಗಿ ಶುರುವಾಯಿತು. ಬಹುಶಃ ಅದನ್ನು ಬರೆಯುವ ದಿನ ನಿಮಗೆ ಸುಸ್ತಾಗಿತ್ತೇನೋ. ಇನ್ನೂ ಕೆಲವು ದಿನ ಸುಸ್ತಾಗಬೇಕಿತ್ತು.

ಈಗ ಅಕ್ಟೋಬರ್ 17. ನಿಮ್ಮ ಟಿಪ್ಪಣಿಯನ್ನು ಹಾಗೆಯೇ ಇಳಿಸುತ್ತೇನೆ:

“1814ರ ಈ ದಿನ ಲಂಡನ್ನಿನ ಬೀದಿಯಲ್ಲಿ ಬಿಯರಿನ ಹೊಳೆ ಹರಿಯಿತು! ಎಂಟು ಜನ ಅದರಲ್ಲೇ ಮುಳುಗಿ ಸತ್ತರು. ಪುಣ್ಯವಂತರು, ಬಿಲ್ ಕೊಡದೆ ಹೋದರು! ಊರವರೆಲ್ಲ ಕೊಡ, ತಪಲೆ ಹಿಡಿದು ಓಡಿಬಂದು ಮೂಗಿನ ಮಟ್ಟ ಕುಡಿದರು. ಆಗ ಮೊಬೈಲ್ ಇದ್ದಿದ್ದರೆ ಎಲ್ಲರದೂ ಸೆಲ್ಫಿಯೇ ಸೆಲ್ಫಿ!!!”

ಮೊದಲ ವಾಕ್ಯ ಸರಿ. ಬಿಯರಿನ ಹೊಳೆ ಹರಿದದ್ದು ನಿಜ, ಆ ಆಶ್ಚರ್ಯಸೂಚಕವನ್ನೂ ಮಾಫಿ ಮಾಡಿದೆ.

ಎರಡನೆಯ ವಾಕ್ಯದ ಹತ್ತಿರ ನನ್ನ ಪೆನ್ಸಿಲ್ ನಿಂತಿತು. ಎಂಟು ಜನ ಎಂದಿರಿ. ಯಾರು ಅಂತ ಕೇಳಿದಿರಾ? ಮ್ಯೂ ಕಂಪನಿಯ ಬಿಯರ್ ಭಟ್ಟಿ ಇದ್ದದ್ದು ಟಾಟನಮ್ ಕೋರ್ಟ್ ರಸ್ತೆಯ ಮೂಲೆಯಲ್ಲಿ, ಸೇಂಟ್ ಜೈಲ್ಸ್ ಎಂಬ ಕಡುಬಡವರ ಕೇರಿಗೆ ಬೆನ್ನು ಹಾಕಿಕೊಂಡು. ಇಪ್ಪತ್ತೆರಡು ಅಡಿ ಎತ್ತರದ ಮರದ ಪೀಪಾಯಿ ಒಡೆದು ಬಿಯರು ಹಿಂಗೋಡೆಯನ್ನೇ ಕೆಡವಿಕೊಂಡು ಆ ಕೇರಿಗೆ ನುಗ್ಗಿತು. ಅಲ್ಲೊಂದು ನೆಲಮಾಳಿಗೆಯಲ್ಲಿ ಬಡ ಐರಿಷ್ ಕುಟುಂಬವೊಂದು ತೀರಿಕೊಂಡ ಎರಡು ವರ್ಷದ ಗಂಡುಮಗುವನ್ನು ಮಲಗಿಸಿಕೊಂಡು ಕೂತಿತ್ತು. ಆ ಮಗುವಿನ ತಾಯಿ, ಜೊತೆಗೆ ದುಃಖಕ್ಕೆ ಹೆಗಲಾಗಲು ಬಂದಿದ್ದ ನಾಲ್ವರು, ಐದೂ ಜನ ಅಲ್ಲೇ ಮುಗಿದರು. ಸತ್ತ ಎಂಟೂ ಮಂದಿ ಹೆಂಗಸರು ಮತ್ತು ಮಕ್ಕಳು. ಈಗ ನಿಮ್ಮ ಮೂರನೆಯ ವಾಕ್ಯವನ್ನು ಗಟ್ಟಿಯಾಗಿ ಓದಿ. ಪುಣ್ಯವಂತರು, ಬಿಲ್ ಕೊಡದೆ ಹೋದರು.

ಸಾವಿನ ಬಗ್ಗೆ ನಗಬಾರದು ಎಂಬ ಮಡಿವಂತಿಕೆ ನನಗಿಲ್ಲ. ನಾನೇ ಸಾಕಷ್ಟು ನಕ್ಕಿದ್ದೇನೆ. ಸತ್ತವರು ಯಾರೆಂದು ತಿಳಿದೂ ನಕ್ಕಿದ್ದರೆ ನಿಮ್ಮನ್ನು ಕ್ರೂರಿ ಎನ್ನುತ್ತಿದ್ದೆ, ಆದರೂ ಬರಹಗಾರ ಎನ್ನುತ್ತಿದ್ದೆ. ನೀವು ತಿಳಿಯದೆ ನಕ್ಕಿರಿ. ‘ಬಿಯರ್’ ಎಂಬ ಪದ ಕಂಡಿತು, ಕಚಗುಳಿಯಾಯಿತು, ಕೈ ಓಡಿತು.

ನಾಲ್ಕನೆಯ ವಾಕ್ಯ ಸುಳ್ಳು. ಜನ ಕೊಡ ಹಿಡಿದು ಓಡಿಬಂದರು, ಕುಡಿದು ಬಿದ್ದರು ಎಂಬುದೆಲ್ಲ ಆಮೇಲೆ ಸೇರಿಕೊಂಡ ಒಗ್ಗರಣೆ. ಆ ದಿನಗಳ ಪತ್ರಿಕೆಗಳಲ್ಲಿ ಅಂಥ ವರದಿಯಿಲ್ಲ. ಜನ ಸದ್ದು ಮಾಡದೆ ನಿಂತಿದ್ದರು, ಅವಶೇಷದಡಿ ಸಿಕ್ಕವರ ಕೂಗು ಕೇಳಿಸಲಿ ಎಂದು.

ಇದರಲ್ಲಿ ನಗು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಇದೆ, ನೀವು ಅದರ ಪಕ್ಕದಲ್ಲೇ ಹಾದುಹೋದಿರಿ. ಅಂದು ಸಂಜೆ ನಾಲ್ಕೂವರೆಗೆ ಉಗ್ರಾಣದ ಗುಮಾಸ್ತ ಜಾರ್ಜ್ ಕ್ರಿಕ್‌ಗೆ ಆ ಪೀಪಾಯಿಯ ಕಬ್ಬಿಣದ ಪಟ್ಟಿಯೊಂದು ಜಾರಿ ಬಿದ್ದದ್ದು ಕಾಣಿಸಿತು. ಮೇಲಿನವರಿಗೆ ಹೇಳಿದ. ವರ್ಷಕ್ಕೆ ಎರಡು ಮೂರು ಸಲ ಬೀಳುವುದೇ ಅದು, ಏನೂ ಆಗುವುದಿಲ್ಲ, ಆಮೇಲೆ ಸರಿಪಡಿಸಲು ಒಂದು ಚೀಟಿ ಬರೆದಿಡು ಎಂದರು. ಬರೆದ. ಗಂಟೆಯ ಮೇಲೆ ಪೀಪಾಯಿ ಒಡೆದಾಗ ಅವನು ಮೂವತ್ತು ಅಡಿ ದೂರದಲ್ಲಿ ನಿಂತಿದ್ದ, ಕೈಯಲ್ಲಿ ಅದೇ ಚೀಟಿ. ಮುಂದೆ ತನಿಖೆ ನಡೆದು ಇದು ಆಕಸ್ಮಿಕ ಎಂಬ ತೀರ್ಪು ಬಂತು. ಕೊನೆಗೆ ಪರಿಹಾರ ಸಿಕ್ಕಿದ್ದು ಭಟ್ಟಿಗೆ: ಚೆಲ್ಲಿಹೋದ ಬಿಯರಿಗೆ ಮೊದಲೇ ಕಟ್ಟಿದ್ದ ಸುಂಕ, ಸುಮಾರು 7,250 ಪೌಂಡು, ವಾಪಸಾಯಿತು. ಇದನ್ನು ಬರಿದಾಗಿ ಹೇಳಿದರೆ ಸಾಕು, ಓದುವವನು ನಗುತ್ತಾನೆ. ನಕ್ಕ ಮೇಲೆ ಬಾಯಿ ಕಹಿಯಾಗುತ್ತದೆ. ನಿಮ್ಮ ಸೆಲ್ಫಿಗೆ ಆ ತಾಕತ್ತಿದೆಯೇ?

ಸೆಲ್ಫಿ ಎಂದಾಗ ನೆನಪಾಯಿತು. ನಿಮ್ಮ ಐದನೆಯ ವಾಕ್ಯ. ಅದು ಅಕ್ಟೋಬರ್ 17ಕ್ಕೆ ಮಾತ್ರ ಸೇರಿದ್ದಲ್ಲ. ಪೆನ್ಸಿಲ್ ಹಿಡಿದು ಎಣಿಸಿದೆ: ‘ಆಗ ಮೊಬೈಲ್ ಇದ್ದಿದ್ದರೆ’, ‘ಆಗ ವಾಟ್ಸಾಪ್ ಇದ್ದಿದ್ದರೆ’, ‘ಆಗ ಗೂಗಲ್ ಮ್ಯಾಪ್ ಇದ್ದಿದ್ದರೆ’ ಎಲ್ಲ ಸೇರಿ 112 ದಿನ. ವರ್ಷದಲ್ಲಿ ಹೆಚ್ಚುಕಡಿಮೆ ಮೂರೂವರೆ ತಿಂಗಳು ನಿಮ್ಮ ಇತಿಹಾಸಪುರುಷರೆಲ್ಲ ಫೋನಿಗೆ ಕಾದು ಕೂತಿದ್ದಾರೆ. ಕೊಲಂಬಸ್ಸನಿಗೆ ಮ್ಯಾಪ್ ಇಲ್ಲ, ನೆಪೋಲಿಯನ್ನನಿಗೆ ಹವಾಮಾನದ ಆ್ಯಪ್ ಇಲ್ಲ. ಒಂದೇ ಅಂಗಿಯನ್ನು 112 ಜನಕ್ಕೆ ತೊಡಿಸಿದರೆ ಯಾರಿಗೆ ಸರಿಹೊಂದೀತು ಮಾರಾಯರೇ?

ಜುಲೈ 14 ನೋಡಿ. “1789ರ ಈ ದಿನ ಜನ ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಕೋಟೆಗೆ ನುಗ್ಗಿದರು. ಅತ್ತ ದೊರೆ ಹದಿನಾರನೆಯ ಲೂಯಿ ತನ್ನ ಡೈರಿಯಲ್ಲಿ ‘ಏನೂ ಇಲ್ಲ’ ಎಂದು ಬರೆದ! ಪೆದ್ದ ದೊರೆ! ಆಗ ವಾಟ್ಸಾಪ್ ಇದ್ದಿದ್ದರೆ ನೂರು ಫಾರ್ವರ್ಡ್ ಬರುತ್ತಿದ್ದವು!”

‘ಏನೂ ಇಲ್ಲ’ ಎಂದು ಬರೆದದ್ದು ನಿಜ. ಆದರೆ ಅದು ಬೇಟೆಯ ಲೆಕ್ಕ ಇಡುವ ಡೈರಿ. ಅಂದು ಬೇಟೆ ನಡೆಯಲಿಲ್ಲ, ಆದ್ದರಿಂದ ‘ಏನೂ ಇಲ್ಲ’. ಹಾಗಾದರೆ ಹಾಸ್ಯ ಸತ್ತಿತೇ? ನನಗೇನೋ ಈಗಲೇ ಹುಟ್ಟಿತು ಅನ್ನಿಸುತ್ತದೆ. ಪೆದ್ದ ದೊರೆ ಎಲ್ಲ ದೇಶದಲ್ಲೂ ಸಿಗುತ್ತಾನೆ. ಸಿಂಹಾಸನದ ಬುಡ ಅಲ್ಲಾಡುತ್ತಿರುವಾಗಲೂ ಜಿಂಕೆ, ಹಂದಿಯ ಲೆಕ್ಕವನ್ನು ಒಂದು ದಿನ ತಪ್ಪದೆ, ಪ್ರಾಮಾಣಿಕವಾಗಿ ಬರೆದಿಡುವ ದೊರೆ ಅಪರೂಪ. ಕೋಟೆಯ ಒಳಗಡೆಯೂ ಇಣುಕಿ: ಅಷ್ಟು ಜನ ನುಗ್ಗಿ ಬಿಡಿಸಿದ ಕೈದಿಗಳು ಬರೀ ಏಳು ಮಂದಿ, ಅದರಲ್ಲಿ ನಾಲ್ವರು ಖೋಟಾ ಕಾಗದ ಮಾಡಿ ಸಿಕ್ಕಿಬಿದ್ದವರು. ಡೈರಿಯಲ್ಲಿ ‘ಏನೂ ಇಲ್ಲ’, ಸೆರೆಮನೆಯಲ್ಲಿ ಹೆಚ್ಚುಕಡಿಮೆ ‘ಯಾರೂ ಇಲ್ಲ’. ಇವೆರಡನ್ನೂ ಅಕ್ಕಪಕ್ಕ ಕೂರಿಸಿ ನೀವು ಪಕ್ಕಕ್ಕೆ ಸರಿದು ನಿಂತಿದ್ದರೆ ಆಗುತ್ತಿತ್ತು.

ಇಷ್ಟು ಬಿರುಸಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಈ ಕಸುಬಿಗೆ ಬಂದದ್ದು ‘ಈ ದಿನ’ ಎಂಬ ಬಾಕ್ಸಿನ ಮೂಲಕವೇ. ಪತ್ರಿಕೆಯ ಒಳಪುಟದಲ್ಲಿ ಎಡಗಡೆ, ಕೆಳಗೆ, ನಾಲ್ಕು ಸಾಲು. ಹೊಸಬರಿಗೆ ಅದೇ ದೀಕ್ಷೆ. ಯಾರೂ ಓದುವುದಿಲ್ಲ, ತಪ್ಪಾದರೆ ಮಾತ್ರ ಎಲ್ಲರೂ ಓದುತ್ತಾರೆ. ನನಗೋ ಆ ನಾಲ್ಕು ಸಾಲಿನಲ್ಲೇ ಹಾಸ್ಯ ಸಾಹಿತಿಯಾಗಿ ಬೆಳಗುವ ಹಂಬಲ.

ಒಂದು ಏಪ್ರಿಲ್ 23. ಶೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ಬರಿಗೂ 1616ರ ಏಪ್ರಿಲ್ 23ನ್ನೇ ಪುಣ್ಯತಿಥಿಯಾಗಿ ಹೇಳುವುದು ರೂಢಿ. ಇಬ್ಬರೂ ಒಟ್ಟಿಗೆ ಸ್ವರ್ಗದ ಬಾಗಿಲಿಗೆ ಬಂದರು, ‘ನೀವು ಮೊದಲು’, ‘ಛೆ, ನೀವು ಮೊದಲು’ ಎಂದು ಉಪಚಾರ ಮಾಡುತ್ತ ಇಬ್ಬರೂ ಹೊರಗೇ ಉಳಿದರು ಎಂದು ಬರೆದೆ. ಬರೆದು ನಾನೇ ಎರಡು ಸಲ ನಕ್ಕೆ. ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು, ಮಾತು ಕಡಿಮೆ, ಕೆಂಪು ಶಾಯಿ ಜಾಸ್ತಿ. ಹಾಳೆ ವಾಪಸು ಬಂತು. ಅಂಚಿನಲ್ಲಿ ಒಂದೇ ಸಾಲು: “ಒಬ್ಬರು ಹತ್ತು ದಿನ ಬಾಗಿಲಲ್ಲೇ ನಿಂತಿದ್ದರೋ?”

ಅರ್ಥವಾಗಲಿಲ್ಲ. ಕೇಳಲು ಅಭಿಮಾನ. ಹಳೆಯ ವಿಶ್ವಕೋಶದ ಮುಂದೆ ಅರ್ಧ ದಿನ ಕೂತ ಮೇಲೆ ತಿಳಿಯಿತು. ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋಗಿತ್ತು. ಅಲ್ಲಿ ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15. ಇಂಗ್ಲೆಂಡು ಹಟ ಹಿಡಿದು 1752ರ ತನಕ ಹಳೆಯದರಲ್ಲೇ ಇತ್ತು. ಹಾಗಾಗಿ ಶೇಕ್ಸ್‌ಪಿಯರ್ ತೀರಿಕೊಂಡ ಏಪ್ರಿಲ್ 23 ಸ್ಪೇನಿನ ಲೆಕ್ಕದಲ್ಲಿ ಮೇ 3. ತಾರೀಕು ಒಂದೇ, ದಿನ ಬೇರೆ. ಸರ್ವಾಂಟಿಸ್ ನಿಜಕ್ಕೂ ಸತ್ತದ್ದು 22ರಂದು, 23 ಹೂಳಿದ ದಿನ ಎಂಬ ಮಾತು ಬೇರೆ ಉಂಟು.

ನನಗೆ ನಾಚಿಕೆಯಾದದ್ದು ತಪ್ಪಿಗಲ್ಲ. ಹಿರಿಯರ ಆ ಒಂದು ಸಾಲು ನನ್ನ ನಾಲ್ಕು ಸಾಲಿಗಿಂತ ಎಷ್ಟೋ ಮಿಗಿಲಾಗಿ ನಗಿಸುತ್ತಿತ್ತಲ್ಲ, ಅದಕ್ಕೆ. ಅವರು ಹಾಸ್ಯ ಬರೆಯಲು ಹೋಗಿರಲಿಲ್ಲ, ಲೆಕ್ಕ ಹಾಕಿದ್ದರು ಅಷ್ಟೇ. ಆ ಹಾಳೆ ಬಹಳ ವರ್ಷ ನನ್ನ ಮೇಜಿನ ಗಾಜಿನಡಿ ಇತ್ತು. ಮೇಜು ಬದಲಾಯಿಸುವಾಗ ಎಲ್ಲಿಯೋ ಹೋಯಿತು.

ಅಂದಿನಿಂದ ಕ್ಯಾಲೆಂಡರಿನ ಹುಚ್ಚು ಹಿಡಿಯಿತೆನ್ನಿ. ಫೆಬ್ರವರಿ 29 ಬಿಡಲಿಲ್ಲವೆಂದು ನಿಮ್ಮನ್ನು ಹೊಗಳಿದೆ. ಸ್ವೀಡನ್ನಿಗೆ 1712ರಲ್ಲಿ ಫೆಬ್ರವರಿ 30 ಇತ್ತು, ಗೊತ್ತೇ? ಹೊಸ ಕ್ಯಾಲೆಂಡರಿಗೆ ಒಮ್ಮೆಲೇ ಹಾರುವುದು ಬೇಡ, ಅಧಿಕ ದಿನಗಳನ್ನು ಒಂದೊಂದಾಗಿ ಕೈಬಿಡುತ್ತ ನಲವತ್ತು ವರ್ಷದಲ್ಲಿ ಮೆಲ್ಲಗೆ ತಲುಪೋಣ ಎಂದುಕೊಂಡರು. 1700ರಲ್ಲಿ ಒಂದನ್ನು ಕೈಬಿಟ್ಟರು. 1704ರಲ್ಲೂ 1708ರಲ್ಲೂ ಬಿಡಲೇ ಇಲ್ಲ. ಅತ್ತ ಹೊಸದಕ್ಕೂ ಇತ್ತ ಹಳೆಯದಕ್ಕೂ ಸೇರದೆ, ನೆರೆಹೊರೆಯವರ ಯಾರ ಲೆಕ್ಕಕ್ಕೂ ತಾಳೆಯಾಗದೆ ಹನ್ನೆರಡು ವರ್ಷ ಕಳೆದು, ಕೊನೆಗೆ ಒಂದು ದಿನ ಹೆಚ್ಚಿಗೆ ಸೇರಿಸಿ ಹಳೆಯದಕ್ಕೇ ಮರಳಿದರು. ಇದಕ್ಕೆ ಯಾವ ಮೊಬೈಲ್ ಬೇಕು ಹೇಳಿ.

ಇನ್ನೊಂದೇ ತಾರೀಕು, ಅಕ್ಟೋಬರ್ 8. “1871ರ ಈ ದಿನ ಹಸುವೊಂದು ಲಾಟೀನನ್ನು ಒದ್ದು ಇಡೀ ಶಿಕಾಗೋ ನಗರವನ್ನೇ ಸುಟ್ಟಿತು! ಅದರ ಒಡತಿ ಓಲಿಯರಿಯಮ್ಮನಿಗೆ ಹಾಲು ಕರೆಯಲು ಬಂದಿದ್ದರೆ ತಾನೇ!” ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ನೀವು ಹಾಲನ್ನೂ ಕರೆದುಬಿಟ್ಟಿರಿ. ಬೆಂಕಿ ಹೊತ್ತಿದ್ದು ಆಕೆಯ ಕೊಟ್ಟಿಗೆಯ ಬಳಿ ಎಂಬುದು ನಿಜ. ಆ ಹೊತ್ತಿಗೆ ಮಲಗಿದ್ದೆ ಎಂದು ಆಕೆ ತನಿಖೆಯಲ್ಲಿ ಹೇಳಿದಳು. ಬೆಂಕಿಯ ಕಾರಣ ತನಿಖೆಗೂ ಗೊತ್ತಾಗಲಿಲ್ಲ. ಹಸುವಿನ ಕತೆ ತಾನು ಕಟ್ಟಿದ್ದೆಂದು ಒಬ್ಬ ವರದಿಗಾರ 1893ರಲ್ಲಿ ಒಪ್ಪಿಕೊಂಡ. ಅಂದರೆ ಅವನೂ ನಿಮ್ಮ ನನ್ನ ಹಾಗೆ ವರದಿಗೆ ಸ್ವಲ್ಪ ರಂಗು ಬರಲಿ ಎಂದವನೇ. ವಲಸೆ ಬಂದ ಆ ಬಡ ಹೆಂಗಸು ಮಾತ್ರ 1895ರಲ್ಲಿ ಸಾಯುವ ತನಕ ಜನರ ಕಣ್ಣು ತಪ್ಪಿಸಿ ಬದುಕಿದಳು, ಒಂದು ಫೋಟೋಕ್ಕೂ ಮುಖ ಕೊಡಲಿಲ್ಲ. ನಗರಸಭೆ ಆಕೆಯನ್ನೂ ಹಸುವನ್ನೂ ನಿರ್ದೋಷಿಗಳೆಂದು ಸಾರಿದ್ದು 1997ರಲ್ಲಿ. ಹಸುವನ್ನೂ ಸೇರಿಸಿದ್ದಾರೆ, ಗಮನಿಸಿ. ಆ ಠರಾವನ್ನು ಬರೆಯಲು ಕೂತ ಗುಮಾಸ್ತನ ಮುಖವನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ನಿಮಗೆ ಬೇಕಾದ ನಗು ಅಲ್ಲಿತ್ತು, ಬೆಂಕಿ ಆರಿ 126 ವರ್ಷದ ಮೇಲೆ.

ಉಳಿದ ತಿಂಗಳುಗಳ ಬಗ್ಗೆ ಏನೂ ಹೇಳುವುದಿಲ್ಲ. ಹೆಂಡತಿಯರ ಮೇಲಿನ ಜೋಕುಗಳನ್ನು ನಾನು ಓದಿಲ್ಲವೆಂದೇ ಇಟ್ಟುಕೊಳ್ಳೋಣ.

ಕಟ್ಟು ವಾಪಸು ಕಳಿಸುತ್ತಿದ್ದೇನೆ. ಏಪ್ರಿಲ್ 18ನ್ನು ನಾನು ಇಟ್ಟುಕೊಂಡಿದ್ದೇನೆ, ನಿಮ್ಮ ಒಪ್ಪಿಗೆಯಿದ್ದರೆ ಅಚ್ಚು ಹಾಕುತ್ತೇವೆ, ಒಂದಕ್ಷರ ಮುಟ್ಟದೆ. ಅಕ್ಟೋಬರ್ 17 ಒಂದನ್ನು ಮತ್ತೆ ಬರೆದು ಕಳಿಸಿ, ಆರು ವಾಕ್ಯ ಮೀರದ ಹಾಗೆ. ಚೀಟಿ ಹಿಡಿದು ನಿಂತ ಕ್ರಿಕ್ ಅದರಲ್ಲಿರಲಿ, ನೆಲಮಾಳಿಗೆಯ ತಾಯಿಯೂ ಇರಲಿ. ಮಿಕ್ಕವು ನಿಧಾನವಾಗಿ ಬರಲಿ. ಫೆಬ್ರವರಿ 29ಕ್ಕಂತೂ ಅವಸರವೇ ಇಲ್ಲ.

ನಿಮ್ಮ,
ಸಂಪಾದಕ