ಬೆಂಗಳೂರಿನ ರಾಜಭವನಕ್ಕೆ ಎಷ್ಟು ವಯಸ್ಸು? ಅಂಥ ಕಟ್ಟಡ ಕಾಪಾಡೋಕೆ ಸುಣ್ಣಬಣ್ಣ ಹೊಡೆಸಿದರೆ ಸಾಲದಾ?

ನಿಮ್ಮ ಎರಡನೇ ಪ್ರಶ್ನೆ ನನ್ನ ಹೊಟ್ಟೆಪಾಡಿನದ್ದು. ಹಳೆ ಬಂಗಲೆಗಳ ರಿಪೇರಿ ಮಾಡಿಸುವವನು ನಾನು. ರಾಜಭವನದಲ್ಲಿ ಕೆಲಸ ಮಾಡಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ವಯಸ್ಸಿನ ವಿಷಯ ಸುಲಭ. 1840ರಲ್ಲಿ ಕೆಲಸ ಶುರುವಾಗಿ 1842ಕ್ಕೆ ಮುಗಿಯಿತು. ಕಟ್ಟಿಸಿದ್ದು ಬ್ರಿಟಿಷರ ಪರವಾಗಿ ಮೈಸೂರು ಸಂಸ್ಥಾನದ ಆಡಳಿತ ನಡೆಸುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್. ಹೌದು, ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್. ಮದುವೆ ಆಗಿರಲಿಲ್ಲ, ಕುದುರೆ ಅಂದರೆ ಪ್ರಾಣ. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟವರು ದಾರಿಯಲ್ಲೇ, ಈಜಿಪ್ಟಿನ ಸೂಯೆಜ್‌ನಲ್ಲಿ ತೀರಿಕೊಂಡರು. ಮುಂದಿನ ಕಮಿಷನರ್ ಬೌರಿಂಗ್ ಕಾಲಕ್ಕೆ ಮನೆ ಸರ್ಕಾರದ್ದಾಯಿತು. 1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. ಕಮಿಷನರ್ ಹೋಗಿ ರೆಸಿಡೆಂಟ್, ಅಂದರೆ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಬಂದರು, ಬಂಗಲೆ ರೆಸಿಡೆನ್ಸಿ ಅನ್ನಿಸಿಕೊಂಡಿತು. ಸ್ವಾತಂತ್ರ್ಯ ಬಂದಮೇಲೆ ರಾಜಭವನ.

  

ಈಗ ಸುಣ್ಣಬಣ್ಣ. ಆ ಕಾಲದ ಬೆಂಗಳೂರು ಬಂಗಲೆಗಳಿಗೆ ಸಿಮೆಂಟೇ ಇರಲಿಲ್ಲ. ಸುಣ್ಣದ ಗಾರೆ, ಇಟ್ಟಿಗೆ, ಕಲ್ಲು, ಮರ, ಅಷ್ಟೇ. ಮೇಲೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ಸಣ್ಣ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ, ಓರೆಯಾಗಿ ಜೋಡಿಸಿ ಗಾರೆ ಹಾಕಿರುತ್ತಾರೆ. ಸುಣ್ಣದ ಗೋಡೆ ಉಸಿರಾಡುತ್ತದೆ ಅಂತ ನಮ್ಮ ಮೇಸ್ತ್ರಿಗಳು ಹೇಳೋದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ನೆಲದಿಂದ ಮೇಲಕ್ಕೆ ಎಳೆದುಕೊಂಡ ತೇವವನ್ನ ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಒಂದು ಹಳೆ ಬಂಗಲೆಯಲ್ಲಿ ಮಾಲೀಕರ ಒತ್ತಾಯಕ್ಕೆ ನಾನೇ ಹೀಗೆ ಮಾಡಿಸಿ ಪೆಟ್ಟು ತಿಂದೆ. ಗೃಹಪ್ರವೇಶದ ಮನೆ ಹಾಗೆ ಫಳಫಳ ಅಂತಿತ್ತು. ಎರಡು ಮಳೆಗಾಲ ಅಷ್ಟೇ. ಗೋಡೆ ತಟ್ಟಿದರೆ ಡೊಳ್ ಡೊಳ್ ಅಂತ ಸದ್ದು. ಒಂದು ದಿನ ಬಾಗಿಲಷ್ಟಗಲದ ಗಿಲಾವಿನ ಚಕ್ಕೆ ಕಳಚಿ ಬಿತ್ತು. ಹಿಂದಿನ ಇಟ್ಟಿಗೆಯನ್ನ ಉಗುರಲ್ಲಿ ಗೀರಿದರೆ ಪುಡಿ ಉದುರುತ್ತಿತ್ತು. ಗೋಡೆಯೊಳಗೆ ಸೇರಿದ್ದ ತೊಲೆಯ ತುದಿ ನೆನೆದ ಅವಲಕ್ಕಿ ಹಾಗೆ ಮೆತ್ತಗಾಗಿತ್ತು. ಬಣ್ಣದ ಖರ್ಚಿನ ಎಷ್ಟೋ ಪಟ್ಟು ಆ ತೊಲೆ ಬದಲಾಯಿಸೋಕೆ ಹೋಯಿತು.

ಹಾಗಾಗಿ ಬಣ್ಣಕ್ಕಿಂತ ಮೊದಲು ತಾರಸಿಯ ನೀರು ಹೋಗುವ ಬಾಯಿ ನೋಡಬೇಕು. ಅರಳಿ ಗಿಡದ ಮೊಳಕೆ ಕಂಡರೆ ಬೇರು ಸಮೇತ ತೆಗೀಬೇಕು. ಗಾರೆ ಬಿಟ್ಟ ಕಡೆ ಗಾರೆಯನ್ನೇ ಹಾಕಬೇಕು. ಸುಣ್ಣ ನೆನೆಹಾಕಿ ಕಾಯಬೇಕು, ಅರೆಯಬೇಕು. ಅವಸರದ ಟೆಂಡರಿಗೆ ಇದು ಒಗ್ಗಲ್ಲ. ಗಾರೆ ಕೈಹಿಡಿತ ಗೊತ್ತಿರೋ ಮೇಸ್ತ್ರಿಗಳೂ ಕಡಿಮೆ. ನನ್ನ ಜೊತೆ ಇರೋ ಇಬ್ಬರಿಗೂ ಅರವತ್ತು ದಾಟಿದೆ, ಅವರ ಮಕ್ಕಳು ಟೈಲ್ಸ್ ಕೆಲಸ ಮಾಡುತ್ತಾರೆ.